ತೊದಲು ತಿದ್ದಿದವನ ನಾರ್ವೆ ಪಯಣ

ಯಲವಿಗಿ

ಯಲವಿಗಿ ಸ್ಟೇಶನ್ನಿನ ಬೆಂಚಿನ ಮೇಲೆ ಕುಳಿತು ನನ್ನ ಹೆಂಡತಿ ಶಾಂತವ್ವ ನನಗೆ ಬುದ್ಧಿ ಹೇಳುತ್ತಿದ್ದಳು. ಯಲವಿಗಿ ಅವಳ ತವರು. ಹಿಂದಿನ ದಿನವೇ ಹಾನಗಲ್ಲಿನಿಂದ ಬಂದು ಅವಳ ಅಣ್ಣನ ಮನೆಯಲ್ಲಿ ಉಳಿದಿದ್ದೆವು. ಅಲ್ಲಿಂದ ನಾನು ರೈಲಿನಲ್ಲಿ ಬೆಂಗಳೂರಿಗೆ, ಬೆಂಗಳೂರಿನಿಂದ ವಿಮಾನದಲ್ಲಿ ನಾರ್ವೆ ದೇಶಕ್ಕೆ ಹೋಗುವವನಿದ್ದೆ. ಅರವತ್ತೆರಡರ ವಯಸ್ಸಿನಲ್ಲಿ ಅದು ನನ್ನ ಮೊದಲ ವಿದೇಶ ಪ್ರಯಾಣ.

“ಅಲ್ಲಿ ಹೋಗಿ ಮಂದಿ ಮಾತಿನ ನಡುವ ಬಾಯಿ ಹಾಕಬ್ಯಾಡ್ರಿ. ಕೇಳಿದ್ದಕ್ಕಷ್ಟ ಹೇಳ್ರಿ. ಮಫ್ಲರ್ ಬಿಚ್ಚಬ್ಯಾಡ್ರಿ.”

“ನಾ ಏನ್ ಸಾಕ್ಷಿ ಹೇಳಾಕ ಹೊಂಟೇನೇನ?” ಎಂದೆ.

“ಸಾಕ್ಷಿ ಹೇಳೋರರ ನಾಕ ಮಾತ ಆಡ್ತಾರ. ನೀವು ಮೂವತ್ನಾಕ ವರ್ಷ ಮಂದಿ ಆಡಿದ್ದು ಬರಕೋಂತ ಕುಂತಾವ್ರು. ನಿಮಗ ಮಾತಾಡೂದು ಎಲ್ಲಿ ಬರ್ತೈತಿ?”

ಅವಳು ಹೇಳಿದ್ದು ನಿಜ. ನಾನು ನ್ಯಾಯಾಲಯದಲ್ಲಿ ಬೆರಳಚ್ಚುಗಾರನಾಗಿದ್ದವನು. ಹಾನಗಲ್ ತಾಲೂಕಿನ ಒಂದು ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ನಮ್ಮ ಮನೆಯಲ್ಲಿ ಮೊದಲ ಸಂಬಳ ತಂದವನು. ಸಾಕ್ಷಿ ಕಟಕಟೆಯಲ್ಲಿ ನಿಂತವನು “ನಾ ಹೊಲದಾಗ ಇದ್ನಿರಿ, ಅಂವ ಬರಾಕತ್ತಿದ್ದ” ಎನ್ನುತ್ತಿದ್ದ. ಕಾಗದದ ಮೇಲೆ ಅದು “ನಾನು ಹೊಲದಲ್ಲಿದ್ದೆನು, ಆತನು ಬರುತ್ತಿದ್ದನು” ಎಂದಾಗುತ್ತಿತ್ತು. ಎಲ್ಲೆಡೆಯ ರೂಢಿಯೇ ಅದು. ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಕಿವಿಗೆ ಬಿದ್ದ ಮಾತು ಬೆರಳಿಗೆ ಬರುವುದರೊಳಗೆ ತನ್ನಿಂದ ತಾನೇ ಅಂಗಿ ಬದಲಿಸಿಕೊಳ್ಳುತ್ತಿತ್ತು.

ನಿವೃತ್ತನಾದ ಮೇಲೆ ಪದ್ಮಜಾ ಅವರ ಪರಿಚಯವಾಯಿತು. ಸವಣೂರಿನ ಹಳೆಯ ವೈಷ್ಣವ ಮನೆತನದ ಹೆಣ್ಣುಮಗಳು. ಅಜ್ಜ ಸಂಸ್ಕೃತ ಪಾಠ ಹೇಳುತ್ತಿದ್ದವರು, ಮೊಮ್ಮಗಳು ನಾರ್ವೆಯ ಟ್ರೊಂಡ್‌ಹೈಮ್ ಊರಿನಲ್ಲಿ ಭಾಷಾವಿಜ್ಞಾನದ ಪ್ರಾಧ್ಯಾಪಕಿ. ಮಕ್ಕಳು ಮೊದಲ ಮಾತನ್ನು ಹೇಗೆ ಕಲಿಯುತ್ತಾರೆ, ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಇದ್ದರೆ ಎರಡನೆಯದನ್ನು ಹೇಗೆ ಕಲಿಯುತ್ತಾರೆ ಎಂಬುದು ಅವರ ಸಂಶೋಧನೆ. ಅದಕ್ಕಾಗಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಹನ್ನೆರಡು ಮಕ್ಕಳನ್ನು ಆರಿಸಿದ್ದರು. ಕೆಲವರದು ಕನ್ನಡದ ಮನೆ, ಕೆಲವರದು ಉರ್ದು, ಕೆಲವರದು ಲಂಬಾಣಿ. ಮಗುವಿನ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ಸಣ್ಣ ರೆಕಾರ್ಡರ್ ಹೊಲಿದು ಆಡಲು ಬಿಡುತ್ತಿದ್ದರು. ಆ ಧ್ವನಿಯನ್ನು ಕೇಳಿ ಅಕ್ಷರಕ್ಕಿಳಿಸಲು ಒಬ್ಬರು ಬೇಕಾಗಿತ್ತು. ಅವರ ಸೋದರಮಾವ ವಕೀಲರು, ನನ್ನ ಹೆಸರು ಹೇಳಿದ್ದರು.

“ಮಲ್ಲೇಶಪ್ಪನವರ, ಕೂಸು ಹೆಂಗ ಅಂತದ ಹಂಗ ಬರೀರಿ. ಒಂದಕ್ಷರ ಹೆಚ್ಚು ಬ್ಯಾಡ, ಒಂದಕ್ಷರ ಕಡಿಮಿ ಬ್ಯಾಡ,” ಎಂದಿದ್ದರು ಪದ್ಮಜಾ.

“ಅದ ನನ್ನ ಕಸಬ ಐತ್ರಿ,” ಎಂದಿದ್ದೆ ನಾನು.

ಆರು ತಿಂಗಳು ಬರೆದೆ. ಒಂದು ದಿನ ಚಹಾ ತಂದ ಶಾಂತವ್ವ ಸುಮ್ಮನೆ ಕುತೂಹಲಕ್ಕೆ ನನ್ನ ಹೆಡ್‌ಫೋನು ತೆಗೆದು ತನ್ನ ಕಿವಿಗೆ ಹಾಕಿಕೊಂಡಳು. ಹಿರೇಕೆರೂರು ಕಡೆಯ ಗಂಗಾ ಎಂಬ, ಮೂರರ ಹತ್ತಿರ ಬಂದಿದ್ದ ಕೂಸಿನ ಧ್ವನಿ ಅದು. ಶಾಂತವ್ವ ಕೇಳಿದಳು, ಕಂಪ್ಯೂಟರಿನ ಪರದೆ ನೋಡಿದಳು, ಮತ್ತೆ ಕೇಳಿದಳು.

“ಕೂಸು ‘ಬರಾಕತ್ತೇನಿ’ ಅಂದೈತಿ. ನೀವು ‘ಬರುತ್ತಿದ್ದೇನೆ’ ಅಂತ ಯಾಕ ಬರದೀರಿ?”

“ಎರಡೂ ಒಂದ ಅರ್ಥ ಅಲ್ಲೇನ?”

“ಅರ್ಥ ಯಾರು ಕೇಳ್ಯಾರ? ಕೂಸು ಅಂದಿದ್ದು ಕೇಳ್ಯಾರ.”

ಆ ದಿನದಿಂದ ನಾನು ಕೇಳಿದ್ದನ್ನು ಕೇಳಿದ ಹಾಗೇ ಬರೆದೆ. ಆದರೆ ಅದಕ್ಕೂ ಮೊದಲಿನ ಆರು ತಿಂಗಳ ಹಾಳೆಗಳು ಆಗಲೇ ನಾರ್ವೆಗೆ ಹೋಗಿಬಿಟ್ಟಿದ್ದವು. ಪದ್ಮಜಾ ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆಯೊಂದು, ಇಷ್ಟು ಸಣ್ಣ ವಿಷಯವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬ ಸಮಾಧಾನವೊಂದು. ಒಂದೂವರೆ ವರ್ಷದ ನಂತರ, ಕೆಲಸ ಮುಗಿಯುವ ಹೊತ್ತಿಗೆ, ಎರಡು ವಾರ ಬಂದುಹೋಗಿರೆಂದು ಅಲ್ಲಿಂದ ಕರೆ ಬಂತು. ಧ್ವನಿಗಳ ಬಗ್ಗೆ ಕೆಲವು ಅನುಮಾನಗಳಿವೆ, ನೀವೇ ಬಂದು ಬಗೆಹರಿಸಬೇಕು ಎಂದಿದ್ದರು.

ಟ್ರೊಂಡ್‌ಹೈಮ್, ಇಳಿದ ದಿನ

ವಿಮಾನ ನಿಲ್ದಾಣದಿಂದ ಊರಿಗೆ ಬಸ್ಸಿನಲ್ಲಿ ಹೋಗುವಾಗ ಬಸ್ಸಿನಲ್ಲಿ ಯಾರೋ ತೀರಿಕೊಂಡಿದ್ದಾರೇನೋ ಎನಿಸಿತು. ಅಷ್ಟು ಮೌನ. ಎರಡು ಸೀಟಿನ ಬೆಂಚುಗಳಲ್ಲಿ ಒಬ್ಬೊಬ್ಬರೇ ಕುಳಿತಿದ್ದರು, ಕೆಲವು ಖಾಲಿಯೇ ಇದ್ದವು. ನಾನು ಹೋಗಿ ಒಬ್ಬ ಹಿರಿಯರ ಪಕ್ಕದಲ್ಲಿ ಕುಳಿತೆ. ಅವರು ಕಿಟಕಿಯ ಕಡೆಗೆ ಎಷ್ಟು ಸರಿದರೆಂದರೆ ಇನ್ನು ಸ್ವಲ್ಪ ಸರಿದರೆ ಹೊರಗೇ ಹೋಗುತ್ತಿದ್ದರು. ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದ ಪದ್ಮಜಾ ಹಿಂದಿನ ಸೀಟಿನಿಂದ ಮೆಲ್ಲಗೆ, “ಇಲ್ಲೆ ಖಾಲಿ ಸೀಟಿದ್ರ ಯಾರೂ ಇನ್ನೊಬ್ಬರ ಬಾಜೂ ಕೂಡಂಗಿಲ್ರಿ. ಏನೋ ಬೇಕಾಗೇದ ಅಂತ ತಿಳೀತಾರ,” ಎಂದರು. ಹಾನಗಲ್ಲಿನಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ಮೊದಲ ನಿಲುಗಡೆ ಬರುವಷ್ಟರಲ್ಲಿ ಪಕ್ಕದವರ ಊರು, ಅಳಿಯನ ನೌಕರಿ, ಮೊಣಕಾಲು ನೋವು ಎಲ್ಲವೂ ತಿಳಿದಿರುತ್ತದೆ. ಎದ್ದು ಹಿಂದೆ ಹೋದೆ. ಹಿರಿಯರು ಉಸಿರು ಬಿಟ್ಟದ್ದು ಕೇಳಿಸಿತು.

ಮಧ್ಯಾಹ್ನ ಒಬ್ಬನೇ ಅಡ್ಡಾಡಲು ಹೋದೆ. ಬೇಕರಿಯೊಂದರ ಹೊರಗೆ, ಸಣ್ಣ ಮಳೆಯಲ್ಲಿ, ತಳ್ಳುಗಾಡಿಯಲ್ಲಿ ಒಂದು ಹಸುಗೂಸು ಮಲಗಿತ್ತು. ಮೇಲೆ ಮುಸುಕು ಹಾಕಿದ್ದರು. ಸುತ್ತ ಯಾರೂ ಇಲ್ಲ. ಆ ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಈ ಕೂಸನ್ನು ಬಿಟ್ಟುಹೋದವರು ಯಾರು? ಛತ್ರಿ ಹಿಡಿದು ಕಾವಲು ನಿಂತೆ. ಬಹಳ ಹೊತ್ತು ನಿಂತೆ. ಕೊನೆಗೆ ಬೇಕರಿಯೊಳಗಿಂದ ಒಬ್ಬ ತರುಣಿ ಬಂದಳು. ಗಾಜಿನ ಹಿಂದೆ ಕುಳಿತು ಅಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದಳಂತೆ. ಇಲ್ಲಿ ಕೂಸುಗಳನ್ನು ಹೊರಗಿನ ಗಾಳಿಯಲ್ಲೇ ಮಲಗಿಸುತ್ತಾರೆ, ಆರೋಗ್ಯಕ್ಕೆ ಒಳ್ಳೆಯದಂತೆ.

ನನ್ನ ಇಂಗ್ಲಿಷು ಕೋರ್ಟಿನ ಕಾಗದಗಳಿಂದ ಕಲಿತದ್ದು. ಬೇರೆ ಕಡೆ ಕಲಿಯುವ ಪ್ರಸಂಗ ಬರಲಿಲ್ಲ. ಗಾಬರಿಯಲ್ಲಿ ನಾನು “ದಿ ಅಫೋರ್‌ಸೆಡ್ ಬೇಬಿ ವಾಸ್ ಅಲೋನ್” ಎಂದೆ. ‘ಸದರಿ ಕೂಸು ಒಂಟಿಯಾಗಿತ್ತು’ ಎಂದ ಹಾಗೆ. ಆಕೆ ನಗಲಿಲ್ಲ. ಒಮ್ಮೆಲೇ ಉಸಿರನ್ನು ಒಳಗೆ ಎಳೆದುಕೊಂಡು “ಯಾ” ಎಂದಳು. ಉಬ್ಬಸವಿರಬೇಕು, ಪಾಪ, ಎಂದುಕೊಂಡೆ. ಸಂಜೆಯೊಳಗೆ ಅಂಗಡಿಯವನು, ಬಸ್ಸಿನ ಡ್ರೈವರು, ಪದ್ಮಜಾ ಅವರ ನೆರೆಮನೆಯ ಅಜ್ಜಿ ಮೂವರಿಗೂ ಅದೇ ಉಬ್ಬಸ. ಪದ್ಮಜಾ ಅವರನ್ನು ಕೇಳಿದೆ.

“ಅದು ‘ಹೌದು’ ಅಂದಂಗ್ರಿ. ಈ ಸೀಮಿಯೊಳಗ ಉಸಿರು ಒಳಗ ತಗೊಂಡು ಹೌದು ಅಂತಾರ. ನಾವು ನಾಲಿಗಿಲೆ ‘ಚ್’ ಅಂದು ಇಲ್ಲ ಅನ್ನಂಗಿಲ್ಲೇನು? ಹಂಗ.”

ಇಂಥ ಹೌದನ್ನು ಹಾಳೆಯ ಮೇಲೆ ಹೇಗೆ ಬರೆಯಬೇಕು ಎಂಬ ಯೋಚನೆಯಲ್ಲೇ ಆ ದಿನ ಮುಗಿಯಿತು.

ಎರಡನೆಯ ದಿನ, ಗೋಡೆಯ ಮೇಲಿನ ಗೆರೆ

ವಿಶ್ವವಿದ್ಯಾಲಯದಲ್ಲಿ ಒಳಗೆ ಹೋಗುವಾಗ ಬೂಟು ಬಿಚ್ಚಿಸುವುದಿಲ್ಲ, ಮನೆಗಳಲ್ಲಿ ಮಾತ್ರ ನಮ್ಮ ಹಾಗೆ ಬಾಗಿಲಲ್ಲೇ ಬಿಚ್ಚಬೇಕು. ನಾನು ಇದನ್ನು ತಿರುವುಮುರುವು ಮಾಡಿಕೊಂಡು ಕಾಲುಚೀಲದಲ್ಲೇ ಪ್ರಯೋಗಾಲಯಕ್ಕೆ ಹೋದೆ. ಅಲ್ಲಿದ್ದ ಇಂಗ್ರಿಡ್ ನನ್ನ ಕಾಲು ನೋಡಿದಳು, ತಾನೂ ಬೂಟು ಬಿಚ್ಚಿ ಬಾಗಿಲ ಹೊರಗಿಟ್ಟು ಬಂದಳು. ಆಕೆಯ ಮೇಲೆ ನನಗೆ ವಿಶ್ವಾಸ ಹುಟ್ಟಿದ್ದು ಆ ಗಳಿಗೆಯಲ್ಲಿ.

ಇಂಗ್ರಿಡ್ ಪದ್ಮಜಾ ಅವರ ಕೈಕೆಳಗೆ ಡಾಕ್ಟರೇಟ್ ಮಾಡುತ್ತಿದ್ದ ಹುಡುಗಿ. ಮೂವತ್ತರ ಒಳಗಿನ ವಯಸ್ಸು. ಕನ್ನಡ ಬಾರದು, ಆದರೆ ನಾನು ಬರೆದು ಕಳಿಸಿದ ಪ್ರತಿ ಸಾಲಿನ ಕ್ರಿಯಾಪದದ ಕೊನೆಯನ್ನು ಕಂಪ್ಯೂಟರಿನಲ್ಲಿ ಎಣಿಸಿ ಇಟ್ಟಿದ್ದಳು. ನಾನು ತಂದ ಸವಣೂರು ಖಾರ ಎಂಬ ಕುರುಕಲು ತಿಂಡಿಯ ಪೊಟ್ಟಣವನ್ನು ಬಿಚ್ಚಿ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ಕೆಂಪಾದ ಮುಖದಲ್ಲಿ ಉಸಿರು ಒಳಗೆಳೆದು ಹೌದೆಂದಳು. ಈ ಸಲ ಮಾತಿಗೋ ಖಾರಕ್ಕೋ ತಿಳಿಯಲಿಲ್ಲ.

ಆಮೇಲೆ ಗೋಡೆಯ ಕಡೆ ಕೈ ತೋರಿಸಿದಳು. ದೊಡ್ಡ ಹಾಳೆಯ ಮೇಲೆ ಒಂದು ಗೆರೆ. ಎಡಗಡೆ ಎತ್ತರದಲ್ಲಿ ನೆಟ್ಟಗೆ ಬಂದು, ಒಂದು ಕಡೆ ಬಾವಿಗೆ ಬಿದ್ದ ಹಾಗೆ ಕೆಳಗಿಳಿದು, ಅಲ್ಲಿಂದ ಮುಂದೆ ಕೆಳಗೇ ಉಳಿದಿತ್ತು.

“ಇದು ನಿಮ್ಮ ಹನ್ನೆರಡು ಮಕ್ಕಳು,” ಎಂದಳು ಇಂಗ್ರಿಡ್ ಇಂಗ್ಲಿಷಿನಲ್ಲಿ. “ಎರಡೂವರೆ ವರ್ಷಕ್ಕೆ ಕ್ರಿಯಾಪದದ ಉದ್ದನೆಯ, ಪೂರ್ತಿ ರೂಪಗಳನ್ನು ಹೇಳುತ್ತಿದ್ದರು. ಮೂರಕ್ಕೆ ಬರುವಷ್ಟರಲ್ಲಿ ಅವು ಮಾಯವಾದವು. ಅದೇ ಹೊತ್ತಿಗೆ ಅವರು ಅಂಗನವಾಡಿಗೆ ಸೇರಿದ್ದರು. ಮೂರು ಭಾಷೆಯ ಮಕ್ಕಳು ಒಂದೇ ಕೋಣೆಯಲ್ಲಿ. ಬೆರೆತ ಕೂಡಲೇ ಮನೆಯಿಂದ ತಂದ ಪೂರ್ಣ ರೂಪಗಳನ್ನು ಕಳೆದುಕೊಂಡರು. ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನಾನು ಕಂಡಿಲ್ಲ. ನನ್ನ ಪ್ರಬಂಧದ ಬೆನ್ನೆಲುಬೇ ಈ ಗೆರೆ.”

ಗೆರೆ ಬಿದ್ದ ಜಾಗದ ಕೆಳಗೆ ತಿಂಗಳ ಹೆಸರಿತ್ತು. ಆ ತಿಂಗಳು ನನಗೆ ಗೊತ್ತು. ಶಾಂತವ್ವ ಚಹಾ ತಂದ ತಿಂಗಳು ಅದು.

ಮಕ್ಕಳು ಏನನ್ನೂ ಕಳೆದುಕೊಂಡಿರಲಿಲ್ಲ. ಅವರು ಮೊದಲಿನಿಂದಲೂ “ಬರಾಕತ್ತೇನಿ” ಎಂದೇ ಹೇಳುತ್ತಿದ್ದರು. ಮೊದಲ ಆರು ತಿಂಗಳು ಉದ್ದ ರೂಪಗಳನ್ನು ಹೇಳಿದವನು ನಾನು. ಗೋಡೆಯ ಮೇಲೆ ಬಾವಿಗೆ ಬಿದ್ದದ್ದು ನನ್ನ ಬೆರಳು.

ಇನ್ನೂ ಒಂದು ಯೋಚನೆ ಹಿಂದೆಯೇ ಬಂತು. ಈ ಪ್ರಬಂಧ ಅಚ್ಚಾಗಿ ನಮ್ಮ ಕಡೆಯ ಯಾರಾದರೂ ಓದಿದರೆ ಏನೆನ್ನುತ್ತಾರೆ? ಉರ್ದುವಿನ ಕೂಸು, ಲಂಬಾಣಿ ಕೂಸು, ಕನ್ನಡದ ಕೂಸು ಒಟ್ಟಿಗೆ ಕೂತರೆ ಕನ್ನಡ ಕೆಡುತ್ತದೆ ಎನ್ನುತ್ತಾರೆ. ಬೇರೆ ಬೇರೆ ಕೂರಿಸಿ ಎನ್ನುತ್ತಾರೆ.

“ನಿಮಗೆ ಹೇಗೆನಿಸುತ್ತದೆ?” ಎಂದು ಇಂಗ್ರಿಡ್ ಕೇಳಿದಳು. ನಾನು “ವೆರಿ ಕ್ಲಿಯರ್ ಲೈನ್” ಎಂದೆ. ಅಷ್ಟೇ ಹೇಳಿದೆ.

ರವಿವಾರ, ಕುರಿಗಳ ಊರು

ರವಿವಾರ ಇಂಗ್ರಿಡ್ ತನ್ನ ತಂದೆಯ ಊರಿಗೆ ಕರೆದುಕೊಂಡು ಹೋದಳು. ಎರಡು ಗುಡ್ಡಗಳ ನಡುವಿನ ಕಣಿವೆ, ಹಸಿರು ಹುಲ್ಲು, ಕೆಂಪು ಬಣ್ಣದ ಕಟ್ಟಿಗೆಯ ಮನೆ. ಬೇಸಿಗೆಯಿಡೀ ಗುಡ್ಡದ ಮೇಲೆ ಮೇಯಲು ಬಿಟ್ಟ ಕುರಿಗಳನ್ನು ಸೆಪ್ಟೆಂಬರಿನಲ್ಲಿ ಕೆಳಗಿಳಿಸುತ್ತಾರೆ. ಆಕೆಯ ತಂದೆ ಓಲಾವ್ ಗುಡ್ಡದ ಬುಡದಲ್ಲಿ ನಿಂತು, ಬಾಯಿಗೆ ಕೈ ಅಡ್ಡಹಿಡಿದು ಕೂಗಿದರು. ಅದು ಮಾತಲ್ಲ, ಹಾಡಲ್ಲ. ನಮ್ಮ ಕಡೆ ಕುರುಬರು ತುಟಿಯಲ್ಲಿ ಹುರ್‌ರ್ ಎನ್ನುವುದು ನೆನಪಾಗಿ ನಾನೂ ಒಮ್ಮೆ ಹುರ್‌ರ್ ಎಂದೆ. ಮುಂದಿನ ಕುರಿ ನಿಂತು ನನ್ನನ್ನು ನೋಡಿ ಬೇರೆ ದಾರಿ ಹಿಡಿಯಿತು. ಅದರ ಹಿಂದೆ ಉಳಿದವೂ ಹೋದವು. ಅವನ್ನು ಹಿಂದಕ್ಕೆ ತರಲು ಓಲಾವ್ ಮತ್ತು ಇಂಗ್ರಿಡ್ ಅರ್ಧ ತಾಸು ಓಡಿದರು. ಓಲಾವ್ ಸಿಟ್ಟಾಗಲಿಲ್ಲ. ನಮ್ಮ ಕುರಿಗಳಿಗೆ ವಿದೇಶಿ ಭಾಷೆ ಇನ್ನೂ ಬರುವುದಿಲ್ಲ ಎಂದರಂತೆ.

ಊಟಕ್ಕೆ ಬ್ರೆಡ್ಡಿನ ಮೇಲೆ ಕಂದು ಬಣ್ಣದ ಚೀಸಿನ ತೆಳು ಹಾಳೆ ಹಾಕಿಕೊಟ್ಟರು. ಹಾಲಿನ ತಿಳಿಯನ್ನು ಗಂಟೆಗಟ್ಟಲೆ ಕಾಯಿಸಿ ಮಾಡುವುದಂತೆ. ಧಾರವಾಡ ಪೇಡೆಗೆ ಯಾರೋ ಮರೆತು ಉಪ್ಪು ಹಾಕಿದ ಹಾಗಿತ್ತು ರುಚಿ. ನಾನು ನಾಲ್ಕು ತಿಂದೆ.

ಊಟದ ಹೊತ್ತಿಗೆ ಒಂದು ಸಂಗತಿ ಗಮನಿಸಿದೆ. ತಂದೆಯೊಡನೆ ಮಾತಾಡುವಾಗ ಇಂಗ್ರಿಡಳ ಮಾತಿನ ರಾಗ ಪ್ರಯೋಗಾಲಯದಲ್ಲಿ ತನ್ನವರೊಡನೆ ಆಡುವಾಗ ಇದ್ದಂತೆಯೇ ಇತ್ತು. ಊರಿಗೆ ಬಂದಾಗ ನಮ್ಮ ಓದಿದ ಮಕ್ಕಳ ಮಾತು ಬದಲಾಗುತ್ತದಲ್ಲ, ಹಾಗೆ ಬದಲಾಗಲಿಲ್ಲ. ಕೇಳಿದೆ.

“ಯಾಕೆ ಬದಲಾಗಬೇಕು?” ಎಂದಳು. “ನಾನು ಎಲ್ಲ ಕಡೆಯೂ ಈ ಕಣಿವೆಯ ಮಾತನ್ನೇ ಆಡುತ್ತೇನೆ. ಪಾಠ ಹೇಳುವಾಗಲೂ. ರೇಡಿಯೋದಲ್ಲಿ ಕೇಳಿ, ಒಬ್ಬೊಬ್ಬರದು ಒಂದೊಂದು ಊರಿನ ಮಾತು. ಬರೆಯುವುದು ಬೇರೆ, ಆಡುವುದು ಬೇರೆ.”

ಶಾಲೆಯಲ್ಲಿ ಮಕ್ಕಳ ಆಡುಮಾತನ್ನು ಮೇಷ್ಟ್ರು ತಿದ್ದಬಾರದು ಎಂಬ ಕಟ್ಟಳೆ ಈ ನಾಡಿನಲ್ಲಿ ಬಹಳ ಹಳೆಯದಂತೆ. ಓಲಾವ್ ತಲೆಯಾಡಿಸಿ ಏನೋ ಹೇಳಿದರು. ಇಂಗ್ರಿಡ್ ಸ್ವಲ್ಪ ನಾಚಿಕೊಂಡು ಅದನ್ನು ಇಂಗ್ಲಿಷಿಗೆ ತಂದಳು. “ಮಗಳು ಡಾಕ್ಟರ್ ಆಗುವ ದಿನ ನಾನೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ ಎನ್ನುತ್ತಿದ್ದಾರೆ. ಅದಕ್ಕಾಗಿ ಸೂಟು ಹೊಲಿಸಿದ್ದಾರೆ.”

ತಟ್ಟೆ ಸರಿಸಿ ಎದ್ದೆ. ಹೊರಗೆ ಬಂದು, ಬೇಲಿಯ ಹತ್ತಿರ ನಿಂತು ಶಾಂತವ್ವನಿಗೆ ಫೋನು ಮಾಡಿದೆ. ಅವಳು ಪಡಸಾಲೆಯಲ್ಲಿ ಕೂತು ಮೆಂತ್ಯೆಸೊಪ್ಪು ಸೋಸುತ್ತಿದ್ದಳು. ಎಲ್ಲವನ್ನೂ ಹೇಳಿದೆ.

“ಹೇಳ್ದ ಇದ್ರ ಏನಾಕ್ಕೈತಿ?” ಎಂದು ಕೇಳಿದೆ.

“ಯಾರಿಗೂ ಗೊತ್ತಾಗೂದಿಲ್ಲ. ನಿಮಗ ಗೊತ್ತಿರತೈತಿ.”

“ಹುಡಿಗಿ ಎರಡು ವರ್ಷ ದುಡದಾಳ. ಅಕಿಗೆ ಏನಂತ ಹೇಳ್ಲಿ?”

“ಈಗ ಹೇಳಿದ್ರ ಅಳ್ತಾಳ. ನಾಳೆ ನೂರು ಮಂದಿ ಮುಂದ ಯಾರರ ಎತ್ತಿ ತೋರಿಸಿದ್ರ ಅಕಿ ಮತ್ತ ತಲಿ ಎತ್ತೂದಿಲ್ಲ. ಹೇಳಿಬಿಡ್ರಿ. ಬೈದ್ರ ಬೈಸಿಕೊಂಡು ಬರ್ರಿ.”

ಸೋಮವಾರ

ಪದ್ಮಜಾ ಮತ್ತು ಇಂಗ್ರಿಡ್ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ರಾತ್ರಿ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದ ಚೀಟಿ ತೆಗೆದರೆ ಮೊದಲ ಸಾಲೇ “ಐ ಡು ಹಿಯರ್‌ಬೈ ಸಾಲೆಮ್ನ್‌ಲಿ ಅಫರ್ಮ್” ಎಂದಿತ್ತು. ಪ್ರಮಾಣಪತ್ರದ ಸಾಲು ಅದು. ಚೀಟಿ ಮಡಚಿ ಜೇಬಿಗೆ ಹಾಕಿದೆ.

“ಪದ್ಮಜಾ ಅವರ, ನಾ ಕನ್ನಡದಾಗ ಹೇಳ್ತೇನ್ರಿ. ನೀವು ಅಕಿಗೆ ತಿಳಿಸಿ ಹೇಳ್ರಿ. ಮೊದಲ ಆರು ತಿಂಗಳ ಹಾಳ್ಯಾಗ ಇರೋದು ಕೂಸುಗಳ ಮಾತಲ್ರಿ. ಅವು ಅಂದಿದ್ದನ್ನ ನಾ ಕೋರ್ಟಿನ ಚಾಳಿ ಮ್ಯಾಲೆ ತಿದ್ದಿ ಬರದೇನಿ. ಆ ಗೆರಿ ಬಿದ್ದಿದ್ದು ನಾ ತಿದ್ದೂದು ಬಿಟ್ಟ ತಿಂಗಳ. ಕೂಸುಗಳು ಏನೂ ಕಳಕೊಂಡಿಲ್ರಿ.”

ಪದ್ಮಜಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, ಒಂದೊಂದೇ ವಾಕ್ಯವಾಗಿ ಇಂಗ್ರಿಡ್‌ಗೆ ಹೇಳಿದರು. ಇಂಗ್ರಿಡ್ ಪ್ರತಿ ವಾಕ್ಯಕ್ಕೂ ಉಸಿರು ಒಳಗೆಳೆದುಕೊಂಡು “ಯಾ” ಎನ್ನುತ್ತಿದ್ದಳು. ಕೊನೆಯ ವಾಕ್ಯಕ್ಕೆ ಏನೂ ಅನ್ನಲಿಲ್ಲ. ಎದ್ದು ಕೋಟು ಹಾಕಿಕೊಂಡು ಹೊರಗೆ ಹೋದಳು. ಕಿಟಕಿಯಿಂದ ನೋಡಿದೆ. ಮಳೆಯಲ್ಲಿ ಕಟ್ಟಡದ ಸುತ್ತ ನಡೆಯುತ್ತಿದ್ದಳು. ಒಂದು ಸುತ್ತು, ಎರಡು ಸುತ್ತು.

“ನನ್ನ ಬೈರಿ,” ಎಂದೆ ಪದ್ಮಜಾ ಅವರಿಗೆ.

“ಹೆಂಗ ಬೈಲಿ?” ಎಂದರು ಅವರು. “ಆ ಹಾಳಿ ನಾನೂ ಓದೇನಿ. ನಾಕ ಕಡೆ ಧ್ವನಿ ಜೋಡಿ ಹೋಲಿಸಿ ನೋಡಿದೆ, ನಾಕೂ ಆಮೇಲಿನ ಹಾಳಿ. ಮೊದಲಿನವು ಓದಿ, ಈಗಿನ ತಾಯಂದ್ರು ಟೀವಿ ನೋಡಿ ಕೂಸುಗಳ ಜೋಡಿ ಎಷ್ಟು ಚಂದ ಪುಸ್ತಕದ ಕನ್ನಡ ಮಾತಾಡ್ಲಿಕ್ಕೆ ಹತ್ಯಾರ ಅಂತ ಖುಷಿಪಟ್ಟೆ. ನಮ್ಮ ಮನಿಯೊಳಗೂ ಬಾಲ್ಯದಾಗ ತಿದ್ದಿ ತಿದ್ದಿನ ಮಾತು ಕಲಿಸಿದ್ರು. ಹಿಂಗಾಗಿ ಕಣ್ಣಿಗೆ ಕಾಣಲೇ ಇಲ್ಲ. ನಂದೂ ತಪ್ಪದ.”

ಎಷ್ಟು ಹೊತ್ತಾಯಿತೋ, ಇಂಗ್ರಿಡ್ ಒಳಗೆ ಬಂದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ಕೆಂಪಾಗಿದ್ದವು. ಗೋಡೆಯ ಬಳಿಗೆ ಹೋಗಿ ಆ ದೊಡ್ಡ ಹಾಳೆಯನ್ನು ನಾಲ್ಕೂ ಮೂಲೆಯಿಂದ ಬಿಡಿಸಿ, ಸುರುಳಿ ಸುತ್ತಿ ಬೀರುವಿನ ಮೇಲಿಟ್ಟಳು. ನನ್ನ ಎದುರಿಗೆ ಬಂದು ಕುಳಿತು, “ಧ್ವನಿಗಳು ಎಲ್ಲವೂ ಇವೆಯಲ್ಲ?” ಎಂದು ಕೇಳಿದಳು.

“ಎಲ್ಲವೂ ಇವೆ.”

“ನೀವು ಹೊರಡಲು ಹತ್ತು ದಿನ ಇದೆ. ಆರು ತಿಂಗಳನ್ನು ಮತ್ತೆ ಕೇಳೋಣವೇ?”

ಆಕೆ ಹಾಗೆ ಕೇಳಿದ್ದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಟ್ಟಿತು. ಕೇಳೋಣ ಎಂದೆ.

ಎಂಟು ದಿನ

ಎಂಟು ದಿನ ನಾನು ಆ ಕೋಣೆ ಬಿಟ್ಟು ನೋಡಿದ ನಾರ್ವೆ ಬಹಳ ಕಡಿಮೆ. ಸಮುದ್ರದ ಕವಲು, ಹಳೆಯ ಸೇತುವೆ, ಕಂಬಗಳ ಮೇಲೆ ನಿಂತ ಬಣ್ಣದ ಉಗ್ರಾಣಗಳು, ಎಲ್ಲವೂ ಬೆಳಿಗ್ಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಂಡಷ್ಟೇ. ಕಿವಿಯಲ್ಲಿ ಇದ್ದದ್ದು ನಮ್ಮ ಊರುಗಳು. ಕೂಸಿನ ಮಾತಿನ ಹಿಂದೆ ಕೋಳಿ ಕೂಗುತ್ತಿತ್ತು, ಯಾರೋ ರೊಟ್ಟಿ ಬಡಿಯುತ್ತಿದ್ದರು, ಶಿಗ್ಗಾಂವಿ ಕಡೆಯ ತಾಂಡಾದಲ್ಲಿ ಒಬ್ಬಾಕೆ ಮಗಳನ್ನು ಲಂಬಾಣಿಯಲ್ಲಿ ಗದರುತ್ತಿದ್ದಳು. ಸವಣೂರಿನ ಇರ್ಫಾನ್ ಎಂಬ ಕೂಸು ತನ್ನ ನಾನಿಯ ಬಳಿ “ಪಾನಿ” ಕೇಳಿ, ಅದೇ ಉಸಿರಿನಲ್ಲಿ ಬಾಗಿಲಿಗೆ ಬಂದ ಅಂಗನವಾಡಿ ಅಕ್ಕೋರಿಗೆ “ನೀರ ಬೇಕ್ರಿ” ಎನ್ನುತ್ತಿತ್ತು. ಯಾರೊಡನೆ ಯಾವ ಭಾಷೆ ಎಂಬುದನ್ನು ಆರು ತಿಂಗಳಲ್ಲಿ ಒಮ್ಮೆಯೂ ಅದು ತಪ್ಪಲಿಲ್ಲ. ಹೊರಗೆ ನೋಡಿದರೆ ಮಂಜು, ಬಿಳಿ ಜನ, ಮೌನ.

ಮೂರನೆಯ ದಿನ ಗಂಗಾಳ ಧ್ವನಿ ಬಂತು. ಅಡುಗೆಮನೆಯ ಪಾತ್ರೆ ಸದ್ದಿನ ನಡುವೆ ಕೂಸು ಅಜ್ಜಿಗೆ ಹೇಳುತ್ತಿತ್ತು, “ಅವ್ವ ಬರಿದ್ಲು.” ಹಳೆಯ ಹಾಳೆಯಲ್ಲಿ ನಾನು ಬರೆದದ್ದು “ಅವ್ವ ಬಂದಳು.” ಮತ್ತೆ ಹಾಕಿಸಿದೆ. “ಬರಿದ್ಲು.” ಸಂದೇಹವಿಲ್ಲ. ಇದನ್ನು ದೊಡ್ಡವರು ಯಾರೂ ಹೇಳುವುದಿಲ್ಲ. ಹಾನಗಲ್ಲಿನಲ್ಲೂ ಇಲ್ಲ, ಹಿರೇಕೆರೂರಿನಲ್ಲೂ ಇಲ್ಲ. ನಾನು ತಿದ್ದುವುದು ಬಿಟ್ಟ ಮೇಲಿನ ಹಾಳೆಗಳಲ್ಲೂ ಇಂಥದ್ದು ಅಪರೂಪ. ಕೂಸಿಗೆ ಯಾರು ಕಲಿಸಿದರು?

ಪದ್ಮಜಾ ಅವರಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದುಬಿಟ್ಟರು.

“ಯಾರ ಕಲಸ್ಯಾರ? ಯಾರೂ ಕಲಸಿಲ್ರಿ. ತಾನ ಮಾಡ್ಕೊಂಡದ. ಹಾಡು ಹಾಡಿದ್ಲು, ನೋಡು ನೋಡಿದ್ಲು ಅಂತ ಕೇಳಿ ಕೇಳಿ, ಹಂಗಂದ್ರ ಬರೋದಕ್ಕ ಬರಿದ್ಲು ಅಂತ ಲೆಕ್ಕಾ ಹಾಕೇದ. ಇದು ತಪ್ಪಲ್ರಿ ಮಲ್ಲೇಶಪ್ಪನವರ. ಕೂಸಿಗೆ ವ್ಯಾಕರಣ ಸಿಕ್ಕದ ಅನ್ನೋದಕ್ಕ ಇದ ಸಾಕ್ಷಿ. ಜಗತ್ತಿನ ಎಲ್ಲಾ ಕೂಸುಗಳೂ ತಮ್ಮ ತಮ್ಮ ಭಾಷಾದಾಗ ಹಿಂಗ ಮಾಡ್ತಾವ.”

ಎರಡೂವರೆ ವರ್ಷದ ಕೂಸು ಒಂದು ನಿಯಮವನ್ನು ತಾನೇ ಕಂಡುಹಿಡಿದಿತ್ತು. ನಾನು ಅದನ್ನು ಒಂದು ಬೆರಳಿನಲ್ಲಿ ಅಳಿಸಿಹಾಕಿದ್ದೆ. ಆಮೇಲೆ ಹುಡುಕಿದಂತೆಲ್ಲ ಅಂಥವು ಸಿಕ್ಕವು. “ತರಿದ್ಲು” ಸಿಕ್ಕಿತು, “ತಿನ್ನಿದ್ಲು” ಸಿಕ್ಕಿತು. ಉರ್ದು ಮನೆಯ ಕೂಸುಗಳಲ್ಲೂ ಸಿಕ್ಕವು, ಲಂಬಾಣಿ ಮನೆಯವುಗಳಲ್ಲೂ ಸಿಕ್ಕವು. ಒಂದೊಂದು ಸಿಕ್ಕಾಗಲೂ ಇಂಗ್ರಿಡ್ ಹೊಸ ಹಾಳೆಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದಳು. ಆಕೆಯ ಮುಖದಲ್ಲಿ ಬಣ್ಣ ಮರಳುತ್ತಿತ್ತು.

ದಿನವಿಡೀ ಕೇಳಿ ಕೇಳಿ ಆಕೆಗೂ ಕನ್ನಡ ಹತ್ತತೊಡಗಿತು. ಬೆಳಿಗ್ಗೆ ನಾನು ಬಂದರೆ “ಬರ್ರಿ, ಕೂಡ್ರಿ” ಎನ್ನುತ್ತಿದ್ದಳು. ಆರನೆಯ ದಿನ ನಾನು ಬಂದಾಗ ಬೀರು ತೆರೆದಿತ್ತು. ಪದ್ಮಜಾ ಕೀಲಿಕೈಯನ್ನು ಎಂದೂ ಯಾರಿಗೂ ಕೊಡುವವರಲ್ಲ. ಹೇಗೆ ತೆರೆದೆ ಎಂದು ಸನ್ನೆಯಲ್ಲಿ ಕೇಳಿದೆ. ಇಂಗ್ರಿಡ್ ಸ್ವಲ್ಪ ಯೋಚಿಸಿ, ಹೆಮ್ಮೆಯಿಂದ ತನ್ನ ಮೊದಲ ಸ್ವಂತ ಕನ್ನಡ ವಾಕ್ಯ ಹೇಳಿದಳು.

“ಪದ್ಮಜಾ ಕೀಲಿ ಕೊಡಿದ್ಲು.”

ಹಿಂದೆ ಬಾಗಿಲಲ್ಲಿ ನಿಂತಿದ್ದ ಪದ್ಮಜಾ ಗೊಳ್ಳೆಂದು ನಕ್ಕರು. ಕೊಟ್ಲು ಎನ್ನಬೇಕಿತ್ತು. ಆದರೆ ಕೊಟ್ಲು ಆಕೆಗೆ ಇನ್ನೂ ಸಿಕ್ಕಿರಲಿಲ್ಲ, ನಿಯಮ ಸಿಕ್ಕಿತ್ತು. ಮೂವತ್ತರ ಹತ್ತಿರದ ಹೆಣ್ಣುಮಗಳು ಹಿರೇಕೆರೂರಿನ ಕೂಸು ತುಳಿದ ದಾರಿಯನ್ನೇ ತುಳಿದಿದ್ದಳು.

“ತಪ್ಪಾಯಿತೇ? ತಿದ್ದಿ,” ಎಂದಳು ಇಂಗ್ರಿಡ್.

ನಾನು ತಿದ್ದಲಿಲ್ಲ. ಆಕೆ ಹೇಳಿದ್ದನ್ನು ಹೇಳಿದ ಹಾಗೇ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಆಕೆಯ ಕೈಗೆ ಕೊಟ್ಟೆ.

ಸಭಾಂಗಣ

ಹೊರಡುವ ಹಿಂದಿನ ದಿನ ವಿಭಾಗದವರೆಲ್ಲ ಸೇರಿದ್ದರು. ನಲವತ್ತು ಜನರಿರಬಹುದು. ಇಂಗ್ರಿಡ್ ಮೊದಲಿಗೇ ಹಳೆಯ ಸುರುಳಿಯನ್ನು ಬಿಚ್ಚಿ ತೋರಿಸಿ, ಇದು ತಪ್ಪು, ಇದನ್ನು ನಾನು ಇಷ್ಟು ದಿನ ನಂಬಿದ್ದೆ ಎಂದಳು. ಆಮೇಲೆ ಹೊಸ ಹಾಳೆ ತೋರಿಸಿದಳು. ಅಂಗನವಾಡಿಗೆ ಸೇರಿದ ತಿಂಗಳಲ್ಲಿ ಗೆರೆ ಎಲ್ಲೂ ಬಿದ್ದಿರಲಿಲ್ಲ. ಸಮತಟ್ಟಾಗಿ, ನಮ್ಮ ಗದ್ದೆಯ ಬದುವಿನ ಹಾಗೆ ಹೋಗಿತ್ತು. ಅದರ ಕೆಳಗೆ, “ಬರಿದ್ಲು” ಎಂಬಂಥ ಮಾತುಗಳ ಚುಕ್ಕೆಗಳು ಮೆಲ್ಲಗೆ ಗುಡ್ಡದಂತೆ ಏರಿ ಮತ್ತೆ ಇಳಿದಿದ್ದವು. ಮೂರು ಭಾಷೆಯ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತರು, ಏನನ್ನೂ ಕಳೆದುಕೊಳ್ಳಲಿಲ್ಲ ಎಂದಳು. ಆಮೇಲೆ ನನ್ನನ್ನು ಕರೆದಳು.

ನಾನು ಜೇಬಿನಿಂದ ಇಂಗ್ಲಿಷ್ ಚೀಟಿ ತೆಗೆಯುವುದನ್ನು ನೋಡಿ ಪದ್ಮಜಾ ಕೈ ಹಿಡಿದರು.

“ಬ್ಯಾಡ್ರಿ. ನಿಮ್ಮ ಮಾತಿನ್ಯಾಗ ಹೇಳ್ರಿ. ನಾ ಅವರಿಗೆ ಹೇಳ್ತೇನಿ.”

ಮೂವತ್ನಾಲ್ಕು ವರ್ಷ ಸರಕಾರಿ ಕೋಣೆಯೊಳಗೆ ನಾನು ಪುಸ್ತಕದ ಕನ್ನಡವನ್ನೇ ಬರೆದವನು, ಅಧಿಕಾರಿಗಳ ಮುಂದೆ ಅದನ್ನೇ ಆಡಿದವನು. ಮನೆಯ ಮಾತನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗುತ್ತಿದ್ದೆ. ಆ ದಿನ ಮೊದಲ ಸಲ ಓದಿದವರ ಸಭೆಯ ಮುಂದೆ ಬಾಯಿ ಬಿಟ್ಟು ಹಾನಗಲ್ಲಿನ ಮಾತಾಡಿದೆ.

“ನಮಸ್ಕಾರ್ರಿ. ನಾ ಒಬ್ಬ ಟೈಪಿಸ್ಟ ಅದೇನಿ. ಮಂದಿ ಮಾತು ತಿದ್ದೂದು ಶ್ಯಾಣೆತನ ಅಂತ ತಿಳಕೊಂಡಿದ್ದೆ. ನಮ್ಮ ಕೂಸುಗಳು ನನಗಿಂತ ಶ್ಯಾಣೆ ಅದಾವ್ರಿ. ಅವು ಅಂದಿದ್ದನ್ನ ಈ ಹುಡಿಗಿ ಮತ್ತ ಮೊದಲಿಂದ ಕೇಳಿದ್ಲು. ಅಕಿ ಸಿಟ್ಟಾಗಬಹುದಿತ್ತು, ಆಗಲಿಲ್ಲ. ಅಷ್ಟ್ರಿ ನಾ ಹೇಳೋದು.”

ಪದ್ಮಜಾ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಲವತ್ತು ಜನ ಒಟ್ಟಿಗೆ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿಸಿತು. ಅದು ನನಗೆ ಸಾಕಾಯಿತು.

ಸಭೆ ಮುಗಿದ ಮೇಲೆ ಧ್ವನಿ ಭಂಡಾರದ ಹೊಣೆ ಹೊತ್ತ ಹಿರಿಯರೊಬ್ಬರು ನನ್ನನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋದರು. ನಮ್ಮ ಹನ್ನೆರಡು ಮಕ್ಕಳ ಧ್ವನಿಯನ್ನು ಅಲ್ಲಿ ಶಾಶ್ವತವಾಗಿ ಇಡುತ್ತಾರಂತೆ. ಕಂಪ್ಯೂಟರಿನ ಪರದೆಯ ಮೇಲೆ ತುಂಬಬೇಕಾದ ಒಂದು ಫಾರ್ಮು ಇತ್ತು. ‘ಭಾಷೆ’ ಎಂಬಲ್ಲಿ ಕನ್ನಡ ಎಂದಿತ್ತು. ಅದರ ಕೆಳಗೆ ‘ಯಾವ ಬಗೆ’ ಎಂಬಲ್ಲಿ ಯಾರೋ ಹಿಂದೆಯೇ ‘ಶಿಷ್ಟವಲ್ಲದ್ದು’ ಎಂಬರ್ಥದ ಇಂಗ್ಲಿಷ್ ಪದ ತುಂಬಿದ್ದರು.

“ಇದು ಸರಿಯೇ?” ಎಂದು ಹಿರಿಯರು ಕೇಳಿದರು.

“ನಿಮ್ಮ ಧ್ವನಿ ಇಲ್ಲಿ ಇಟ್ಟರೆ ಏನು ಬರೆಯುತ್ತೀರಿ?” ಎಂದು ನಾನು ಕೇಳಿದೆ.

“ನನ್ನ ಕಣಿವೆಯ ಹೆಸರು,” ಎಂದರು ಅವರು.

“ಹಾಗಾದರೆ ನಾನೇ ಟೈಪು ಮಾಡುತ್ತೇನೆ,” ಎಂದೆ.

ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಇದ್ದ ಪದವನ್ನು ಅಳಿಸಿದೆ. ನಾವು ಹೇಗೆ ಹೇಳುತ್ತೇವೆಯೋ ಹಾಗೆ, ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ ಹೊಡೆದೆ: ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ.